ಮಳೆಗಾಲಕ್ಕೆ ದೋಣಿ ಮೇಲೆಳೆಯುವ ಮುಂಚೆ: ಔಟ್‌ಬೋರ್ಡ್ ಇಂಜಿನ್ನಿನ ಪೆಟ್ರೋಲ್ ಲೈನು ಹೇಗೆ ಸಿದ್ಧ ಮಾಡಬೇಕು?

ಹಿನ್ನೀರಿನ ದೋಣಿ

ಕೆಆರ್‌ಎಸ್ ಹಿನ್ನೀರಿನ ದೋಣಿ ಜೂನ್ ಮೊದಲ ವಾರ ದಡಕ್ಕೆ ಬಂದರೆ ಮತ್ತೆ ನೀರಿಗೆ ಇಳಿಯೋದು ದಸರಾ ಹೊತ್ತಿಗೆ. ಹತ್ತಿರ ಹತ್ತಿರ ನಾಲ್ಕು ತಿಂಗಳು ಇಂಜಿನ್ ಶೆಡ್ಡಲ್ಲೇ ಇರುತ್ತೆ. ದೋಣಿಯ ಹಿಂಬದಿಗೆ ಹೊರಗಿಂದ ಸಿಕ್ಕಿಸೋ ಔಟ್‌ಬೋರ್ಡ್ ಇಂಜಿನ್ ಎರಡಿವೆ. ಒಂದು 9.9 ಎಚ್‌ಪಿ, ನಾಲ್ಕು ಸ್ಟ್ರೋಕು, ಕಾರ್ಬೊರೇಟರ್ ಇರೋದು, ಎರಡು ಸಿಲಿಂಡರ್. ಇನ್ನೊಂದು ಹಳೇ 8 ಎಚ್‌ಪಿ ಎರಡು ಸ್ಟ್ರೋಕು, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕೋದು. ಎರಡಕ್ಕೂ 24 ಲೀಟರಿನ ಪ್ಲಾಸ್ಟಿಕ್ ಟ್ಯಾಂಕು, ಕೈಯಲ್ಲಿ ಹಿಸುಕೋ ಬಲ್ಬು, ಕ್ಲಿಪ್ ಹಾಕೋ ಪೈಪು.

ಹುಡುಕಿದರೆ ಸಿಗೋದೆಲ್ಲ ಹಿಮ ಬೀಳೋ ದೇಶದವರ ಪಟ್ಟಿಗಳು. ನಮಗೆ ಬೇಕಾಗಿರೋದು ಮೈಸೂರು–ಮಂಡ್ಯ ಹವಾಮಾನಕ್ಕೆ ಹೊಂದೋದು. ಕೇಳಬೇಕಾಗಿರೋದು ಇಷ್ಟು: ಟ್ಯಾಂಕು ಪೂರ್ತಿ ತುಂಬಿಸಿಡಬೇಕಾ, ಖಾಲಿ ಮಾಡಬೇಕಾ? ಕಾರ್ಬೊರೇಟರ್ ಒಣಗಿಸಬೇಕಾ? ಪೆಟ್ರೋಲ್ ಹಳಸದ ಹಾಗೆ ಹಾಕೋ ಸ್ಟೆಬಿಲೈಜರ್ ಅನ್ನೋ ದ್ರವ ನಿಜವಾಗಿ ಕೆಲಸ ಮಾಡುತ್ತಾ? ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿದರೆ ಇದ್ಯಾವುದೂ ಬೇಡ ಅಂತ ಕೆಲವರು ಹೇಳ್ತಾರೆ, ಅದು ಸರಿಯಾ?

ಸ್ಪ್ಯಾನರ್ ಹತ್ತು-ಹನ್ನೆರಡು

ಮೊದಲು ಆ ಪಟ್ಟಿಗಳಲ್ಲಿ ನಮಗೆ ಬೇಡದ್ದನ್ನ ತೆಗೆದುಹಾಕೋಣ ಸರ್. ಅಲ್ಲಿ ಇಂಜಿನ್ ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಬ್ಲಾಕು ಸೀಳುತ್ತೆ, ಅದಕ್ಕೇ ಆಂಟಿಫ್ರೀಜ್. ನಮ್ಮಲ್ಲಿ ಆ ಕಾಟ ಇಲ್ಲ. ನಮ್ಮ ಕಾಟ ಮೂರು: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ, ಟ್ಯಾಂಕಿನಲ್ಲಿ ನಿಂತ ಎಥನಾಲ್ ಬೆರೆತ ಪೆಟ್ರೋಲು, ಕಾರ್ಬೊರೇಟರ್ ಬಟ್ಟಲಲ್ಲಿ ಉಳಿದ ಒಂದೆರಡು ಚಮಚ ಪೆಟ್ರೋಲು. ಇದರಲ್ಲಿ ಮೂರನೆಯದೇ ಹೆಚ್ಚು ಹಾಳು ಮಾಡೋದು. ಬಟ್ಟಲಿನ ಪೆಟ್ರೋಲಿನಲ್ಲಿ ಹಗುರವಾದ ಅಂಶ ಮೊದಲು ಆರಿಹೋಗುತ್ತೆ, ಉಳಿದದ್ದು ಗಾಳಿ ತಾಗಿ ಅಂಟಾಗುತ್ತೆ. ನಿಧಾನಕ್ಕೆ ಓಡುವಾಗ ಪೆಟ್ರೋಲ್ ಬಿಡೋ ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರ್‌ಗೂ ಕಮ್ಮಿ. ಆ ಅಂಟು ಒಂದು ಪದರ ಕೂತರೆ ಸಾಕು, ಚೋಕ್ ಎಳೆದಾಗ ಓಡುತ್ತೆ, ಬಿಟ್ಟ ತಕ್ಷಣ ನಿಲ್ಲುತ್ತೆ.

ನಿಯಮ ಒಂದೇ: ಖಾಲಿ ಮಾಡೋಕೆ ಆಗೋದನ್ನ ಪೂರ್ತಿ ಖಾಲಿ ಮಾಡಿ, ಆಗದ್ದನ್ನ ಸ್ಟೆಬಿಲೈಜರ್ ಹಾಕಿದ ಹೊಸ ಪೆಟ್ರೋಲಿಂದ ಹೆಚ್ಚುಕಮ್ಮಿ ತುಂಬಿಸಿ. ಅರ್ಧ ಟ್ಯಾಂಕು ಮಾತ್ರ ಬಿಡಬೇಡಿ. ನಿಮ್ಮದು ಹೊರಗಿನ ಟ್ಯಾಂಕು, ಆದ್ದರಿಂದ ಖಾಲಿ.

ನಾಲ್ಕು ಸ್ಟ್ರೋಕಿನ 9.9ಕ್ಕೆ ಕ್ರಮ ಹೀಗೆ. ಹಳೇ ಪೆಟ್ರೋಲನ್ನ ಕೈಪಂಪಿಂದ ಕ್ಯಾನಿಗೆ ತೆಗೆಯಿರಿ. ಬಾಯಲ್ಲಿ ಎಳೆಯೋ ಅಭ್ಯಾಸ ಬೇಡವೇ ಬೇಡ, ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆ ಸೇರಬೇಕಾಗುತ್ತೆ. ಟ್ಯಾಂಕಿಗೆ 2ರಿಂದ 3 ಲೀಟರ್ ಅವತ್ತೇ ಬಂಕಿಂದ ತಂದ ಪೆಟ್ರೋಲ್ ಹಾಕಿ, ಬಾಟಲಿ ಮೇಲೆ ಬರೆದ ಅಳತೆಗೆ ಸ್ಟೆಬಿಲೈಜರ್ ಬೆರೆಸಿ. ಇಂಜಿನ್ನನ್ನ ದೊಡ್ಡ ಡ್ರಮ್ಮಲ್ಲಿ ನಿಲ್ಲಿಸಿ, ಪ್ರೊಪೆಲ್ಲರ್ ಬಿಚ್ಚಿಟ್ಟು, ಪ್ರೊಪೆಲ್ಲರ್ ಮೇಲಿನ ಅಗಲ ತಟ್ಟೆ ಮುಳುಗಿ ಅದರ ಮೇಲೂ ಒಂದಷ್ಟು ನೀರು ಇರೋ ಹಾಗೆ ತುಂಬಿಸಿ. ನೀರಿಲ್ಲದೆ ಒಂದು ನಿಮಿಷ ಕೂಡ ಓಡಿಸಬಾರದು. ಇಂಜಿನ್ ತಣ್ಣಗಿಡೋ ನೀರನ್ನ ಎಳೆಯೋ ಒಳಗಿನ ರಬ್ಬರ್ ಇಂಪೆಲ್ಲರ್ ಕೆಲವೇ ಸೆಕೆಂಡಲ್ಲಿ ಸುಡುತ್ತೆ. ನ್ಯೂಟ್ರಲ್ಲಲ್ಲಿ 10ರಿಂದ 15 ನಿಮಿಷ ಓಡಿಸಿ, ಆಗ ಸ್ಟೆಬಿಲೈಜರ್ ಹಾಕಿದ ಪೆಟ್ರೋಲ್ ಫಿಲ್ಟರ್, ಪಂಪು, ಕಾರ್ಬೊರೇಟರ್ ಎಲ್ಲದಕ್ಕೂ ತಲುಪುತ್ತೆ. ಡ್ರಮ್ಮು ಬಯಲಲ್ಲಿರಲಿ, ಶೆಡ್ಡಿನೊಳಗೆ ಹೊಗೆ ತುಂಬಿದರೆ ಜೀವಕ್ಕೆ ಅಪಾಯ.

ಆಮೇಲೆ ಇಂಜಿನ್ ಕಡೆಯ ಕ್ಲಿಪ್ ಬಿಚ್ಚಿ ಓಡಲು ಬಿಡಿ. ನಿಲ್ಲೋ ಹಾಗೆ ತಡವರಿಸಿದಾಗ ಚೋಕ್ ಎಳೆದರೆ ಇನ್ನಷ್ಟು ಪೆಟ್ರೋಲ್ ಹೀರಿಕೊಂಡು ನಿಲ್ಲುತ್ತೆ. ಬಹಳ ಜನ ಇಲ್ಲಿಗೇ ಬಿಟ್ಟುಬಿಡ್ತಾರೆ. ಆದರೆ ಬಟ್ಟಲಿನ ತಳದಲ್ಲಿ, ಮೇನ್ ಜೆಟ್ಟಿನ ಮಟ್ಟಕ್ಕಿಂತ ಕೆಳಗೆ, ಇನ್ನೂ ಪೆಟ್ರೋಲ್ ಇರುತ್ತೆ. ಬಟ್ಟಲಿನ ಕೆಳಗಿನ ಡ್ರೈನ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಸಣ್ಣ ಗಾಜಿನ ಸೀಸೆಗೆ ಇಳಿಸಿ ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ನೀರಿನ ಗುಳ್ಳೆ, ಕಂದು ಪುಡಿ, ಬಿಳಿ ಪುಡಿ ಕಂಡರೆ ಬಟ್ಟಲು ಬಿಚ್ಚಿ ತೊಳೆಯಲೇಬೇಕು. ಸ್ಕ್ರೂ ಹಿತ್ತಾಳೆಯದು, ಬಲವಾಗಿ ತಿರುವಿದರೆ ತಲೆ ಕೊಚ್ಚಿಹೋಗುತ್ತೆ, ಸರಿಯಾದ ಅಗಲದ ಸ್ಕ್ರೂಡ್ರೈವರನ್ನೇ ಹಿಡಿಯಿರಿ.

ಹಿನ್ನೀರಿನ ದೋಣಿ

ತುಂಬಾ ಉಪಕಾರ ಸರ್. ಎರಡು ಸ್ಟ್ರೋಕಿನದಕ್ಕೂ ಇದೇ ಕ್ರಮಾನಾ?

ಸ್ಪ್ಯಾನರ್ ಹತ್ತು-ಹನ್ನೆರಡು

ಅಲ್ಲ, ಅಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಎರಡು ಸ್ಟ್ರೋಕಿನಲ್ಲಿ ಬೇರಿಂಗು, ಸಿಲಿಂಡರ್ ಗೋಡೆಗೆ ಹೋಗೋ ಆಯಿಲ್ ಪೆಟ್ರೋಲ್ ಜೊತೆಗೇ ಬರೋದು. ಪೆಟ್ರೋಲ್ ಮುಗಿಯೋವರೆಗೂ ಓಡಿಸಿದರೆ ಕೊನೆಯ ಕ್ಷಣಗಳಲ್ಲಿ ಆಯಿಲ್ಲೂ ಇರಲ್ಲ, ಒಣಗಿದ ಉಕ್ಕು ನಾಲ್ಕು ತಿಂಗಳ ತೇವದಲ್ಲಿ ಕೂತು ತುಕ್ಕು ಹಿಡಿಯುತ್ತೆ. ಮೇಲಿನ ಸಿಲಿಂಡರಿಗೆ ಮೊದಲು ಪೆಟ್ರೋಲ್ ತಪ್ಪಿದರೆ ಅದೊಂದೇ ಪೆಟ್ರೋಲ್ ಕಮ್ಮಿ, ಗಾಳಿ ಹೆಚ್ಚಾಗಿ ಉರಿಯೋ ಅಪಾಯವೂ ಇದೆ.

ಆದ್ದರಿಂದ ಅಲ್ಲಿ ಫಾಗಿಂಗ್, ಅಂದರೆ ಇಂಜಿನ್ ಒಳಗೆಲ್ಲ ಆಯಿಲ್ ಪದರ ಹಿಡಿಸೋದು, ಬೇಕು. ಪೈಪು ಬಿಚ್ಚಿದ ಮೇಲೆ ಇಂಜಿನ್ ನಿಲ್ಲೋಕೆ ಮುಂಚೆ ಕಾರ್ಬೊರೇಟರ್ ಬಾಯಿಗೆ ಫಾಗಿಂಗ್ ಆಯಿಲ್ ಸ್ಪ್ರೇ ಬಿಡ್ತಾ ಹೋಗಿ, ದಟ್ಟ ಬಿಳಿ ಹೊಗೆ ಬಂದು ಉಸಿರುಗಟ್ಟಿ ನಿಲ್ಲಲಿ. ಇಂಜಿನ್ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದು ಟೀ ಚಮಚ, ಅಂದರೆ 5 ಎಂಎಲ್, ಎರಡು ಸ್ಟ್ರೋಕ್ ಆಯಿಲ್ ಬಿಟ್ಟು, ಕಿಲ್ ಸ್ವಿಚ್ಚಿನ ಕ್ಲಿಪ್ ತೆಗೆದು, ಹಗ್ಗ ನಿಧಾನವಾಗಿ ನಾಲ್ಕೈದು ಸಲ ಎಳೆಯಿರಿ. ಪ್ಲಗ್ ಕೈಯಲ್ಲಿ ಬಿಗಿಯಾಗುವಷ್ಟು ಕೂರಿಸಿ ಬಿಡಿ, ಸೀಸನ್ನಿಗೆ ಹೊಸದು ಹಾಕೋದೇ ಒಳ್ಳೇದು. ನಾಲ್ಕು ಸ್ಟ್ರೋಕಿಗೂ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟರೆ ನಷ್ಟವಿಲ್ಲ.

ರಸಾಯನ ಮೇಷ್ಟ್ರು

ಎಥನಾಲ್ ವಿಷಯದಲ್ಲಿ ಅರ್ಧ ಭಯ, ಅರ್ಧ ಉಡಾಫೆ ಎರಡೂ ಓಡಾಡುತ್ತಿವೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ದೇಶದಲ್ಲಿ ಪೆಟ್ರೋಲಿಗೆ ಸರಾಸರಿ 10 ಪರ್ಸೆಂಟ್ ಎಥನಾಲ್ ಬೆರೆಸುವ ಮಟ್ಟ 2022ರ ಜೂನ್ ಹೊತ್ತಿಗೆ ಮುಟ್ಟಿತು. 20 ಪರ್ಸೆಂಟಿನ ಇ20 ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು, ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಕಬ್ಬಿನ ರಸ, ಕಾಕಂಬಿ, ಅಕ್ಕಿ, ಮೆಕ್ಕೆಜೋಳ ಇವುಗಳಿಂದ ಎಥನಾಲ್ ತೆಗೆಯುತ್ತಾರೆ. ಕಬ್ಬು ಬೆಳೆಯುವ ಮಂಡ್ಯದವರಿಗೆ ಇದು ಒಳ್ಳೆಯ ಮಾರುಕಟ್ಟೆ. ಹಾಗಂತ ನಿಂತ ಟ್ಯಾಂಕಿನಲ್ಲಿ ಅದು ಮಾಡುವ ಕೆಲಸವನ್ನು ಮರೆಯುವಂತಿಲ್ಲ. ಹಲವು ಔಟ್‌ಬೋರ್ಡ್ ಕೈಪಿಡಿಗಳು 10 ಪರ್ಸೆಂಟ್ ಎಥನಾಲಿನವರೆಗೆ ಮಾತ್ರ ಒಪ್ಪುತ್ತವೆ. ನಿಮ್ಮ ಕೈಪಿಡಿಯ ಇಂಧನದ ಪುಟ ಒಮ್ಮೆ ತೆಗೆದು ನೋಡಿ.

ಎಥನಾಲ್ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಇ10ನಲ್ಲಿ ಸುಮಾರು ಅರ್ಧ ಪರ್ಸೆಂಟ್ ನೀರು ಕರಗುತ್ತದೆ, 24 ಲೀಟರಿಗೆ ಹೆಚ್ಚುಕಡಿಮೆ 120 ಎಂಎಲ್. ಇ20 ಅದಕ್ಕಿಂತ ಹೆಚ್ಚು ತಡೆದುಕೊಳ್ಳುತ್ತದೆ. ಮಿತಿ ದಾಟಿದರೆ ಎಥನಾಲ್ ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತದೆ. ಟ್ಯಾಂಕಿನ ಹೀರುಕೊಳವೆಯ ಬಾಯಿ ಇರುವುದೂ ತಳದಲ್ಲೇ, ಹಾಗಾಗಿ ಇಂಜಿನ್ ಮೊದಲು ಕುಡಿಯುವುದು ಆ ಪದರವನ್ನೇ. 24 ಲೀಟರ್ ಇ20ನಲ್ಲಿ ಎಥನಾಲೇ 4.8 ಲೀಟರ್ ಇರುತ್ತದೆ, ಬೇರೆಯಾದರೆ ಕೂರುವ ಪದರ ಸಣ್ಣದಲ್ಲ. ಎಥನಾಲ್ ಕಳೆದುಕೊಂಡ ಮೇಲಿನ ಪೆಟ್ರೋಲಿನ ಆಕ್ಟೇನ್, ಅಂದರೆ ಇಂಜಿನ್ ಕುಟ್ಟದ ಹಾಗೆ ಉರಿಯುವ ಗುಣ, ಬೇರೆ ಇಳಿದಿರುತ್ತದೆ. ಎರಡು ಸ್ಟ್ರೋಕಿನಲ್ಲಿ ಇನ್ನೂ ಕೆಟ್ಟದ್ದು: ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ತಳದ ಪದರದಲ್ಲಿ ಆಯಿಲ್ ಇರುವುದಿಲ್ಲ.

ಒಮ್ಮೆ ಬೇರೆಯಾದದ್ದನ್ನು ಯಾವ ಸ್ಟೆಬಿಲೈಜರೂ ಮತ್ತೆ ಸೇರಿಸುವುದಿಲ್ಲ. ಅದು ಮಾಡುವುದು ಪೆಟ್ರೋಲ್ ಅಂಟಾಗುವುದನ್ನು ತಡ ಮಾಡುವ ಕೆಲಸ, ಅಷ್ಟೇ. ಅದಕ್ಕೇ ಹೊಸ ಪೆಟ್ರೋಲಿಗೆ ಹಾಕಬೇಕು, ಹಳಸಿದ್ದಕ್ಕೆ ಹಾಕಿದರೆ ದುಡ್ಡು ದಂಡ.

ಗಾಳಿಯ ತೇವ ಮುಚ್ಚಳದ ಸಂದಿಯಿಂದ ಒಳಗೆ ಹೋಗುವುದು ನಿಧಾನ. ಟ್ಯಾಂಕಿಗೆ ನೀರು ಬರುವುದು ಬಹುಪಾಲು ಮಳೆಯಿಂದ: ಗಾಳಿಯಾಡಲು ಮುಚ್ಚಳದಲ್ಲಿರುವ ವೆಂಟ್ ಸ್ಕ್ರೂ ತೆರೆದಿಟ್ಟದ್ದು, ಸೀಳಿದ ಮುಚ್ಚಳದ ವಾಷರು, ಹೊರಗೆ ನೆನೆಯುತ್ತಾ ಬಿದ್ದ ಕ್ಯಾನು. ವಾಷರ್ ಬದಲಿಸುವುದು ಸ್ಟೆಬಿಲೈಜರ್ ಕೊಳ್ಳುವುದಕ್ಕಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂದು ತಿಳಿಯಬೇಕೆ? 100 ಎಂಎಲ್ ಗಾಜಿನ ಅಳತೆ ಸಿಲಿಂಡರ್ ಸಾಕು. 10 ಎಂಎಲ್ ನೀರು ಹಾಕಿ, ಮೇಲೆ 90 ಎಂಎಲ್ ಪೆಟ್ರೋಲ್ ಹಾಕಿ, ಬಾಯಿ ಮುಚ್ಚಿ ಅಲ್ಲಾಡಿಸಿ, ನಡುವೆ ಒಮ್ಮೆ ಆವಿ ಹೊರಬಿಟ್ಟು, ಹತ್ತು ನಿಮಿಷ ನಿಲ್ಲಿಸಿ. ಎಥನಾಲೆಲ್ಲ ನೀರಿಗೆ ಇಳಿಯುತ್ತದೆ. ಕೆಳಗಿನ ಪದರ 10ರಿಂದ ಸುಮಾರು 28ಕ್ಕೆ ಏರಿದರೆ 90ರಲ್ಲಿ 18, ಅಂದರೆ 20 ಪರ್ಸೆಂಟ್. ಬಯಲಲ್ಲಿ, ಬೆಂಕಿ, ಬೀಡಿ, ಮೊಬೈಲ್ ಚಾರ್ಜರ್ ಯಾವುದೂ ಹತ್ತಿರ ಇಲ್ಲದ ಕಡೆ ಮಾಡಿ.

ಪಾಂಡವಪುರ ಪಂಪ್‌ಸೆಟ್

ಮೇಷ್ಟ್ರೇ, ಹಾಗಾದ್ರೆ ಇದೇ ಥರ ನೀರು ಹಾಕಿ ಎಥನಾಲೆಲ್ಲ ತೊಳೆದು, ಮೇಲಿನ ಪೆಟ್ರೋಲ್ ಮಾತ್ರ ಬಳಸಿದರೆ ಆಗಲ್ವಾ? ಬ್ರಷ್ ಕಟರ್ ಇಟ್ಕೊಂಡಿರೋ ಕೆಲವರು ಮಾಡ್ತಾರೆ.

ರಸಾಯನ ಮೇಷ್ಟ್ರು

ಬೇಡ. ಆಕ್ಟೇನ್ ಎಷ್ಟಕ್ಕೆ ಇಳಿಯಿತು ಎಂದು ಗೊತ್ತಾಗುವುದಿಲ್ಲ, ಲೋಡಿನಲ್ಲಿ ಇಂಜಿನ್ ಕುಟ್ಟುತ್ತದೆ. ಉಳಿದ ಪೆಟ್ರೋಲಿನಲ್ಲಿ ನೀರಿನ ಸಣ್ಣ ಹನಿಗಳು ತೇಲುತ್ತಿರುತ್ತವೆ, ಅವು ನಾಳೆ ಬಟ್ಟಲಿಗೆ ಬರುತ್ತವೆ. ತೊಳೆದ ನೀರೂ ಉರಿಯುವ ದ್ರವವೇ, ಅದನ್ನು ಎಲ್ಲಿ ಚೆಲ್ಲುತ್ತೀರಿ? ಇ20ನ್ನು ತಾಜಾ ಇರುವಾಗಲೇ ಉರಿಸಿ ಮುಗಿಸುವುದು ಇದಕ್ಕಿಂತ ಸುಲಭ.

ಪಾಂಡವಪುರ ಪಂಪ್‌ಸೆಟ್

ಸರಿ ಮೇಷ್ಟ್ರೇ, ಅರ್ಥ ಆಯ್ತು.

ಟ್ಯಾಂಕಿಂದ ತೆಗೆದ ಪೆಟ್ರೋಲ್ ಬಗ್ಗೆ ಒಂದು ಮಾತು. ಆಯಿಲ್ ಬೆರೆಸದ, ಒಂದು ತಿಂಗಳೊಳಗಿನ, ಬಣ್ಣ ವಾಸನೆ ಕೆಡದ ಪೆಟ್ರೋಲನ್ನ ಬೈಕಿಗೋ ಕಾರಿಗೋ ಹಾಕಿ ಮುಗಿಸಿ. ಆಯಿಲ್ ಬೆರೆಸಿದ್ದನ್ನ ಗದ್ದೆಯ ಬ್ರಷ್ ಕಟರಿಗೆ ಸುರಿಯೋರು ಬಹಳ. ಹುಷಾರು ಅಣ್ಣ. ಔಟ್‌ಬೋರ್ಡಿನ ಆಯಿಲು ಟಿಸಿ-ಡಬ್ಲ್ಯೂ3 ದರ್ಜೆಯದು, ನೀರಿಂದ ತಣ್ಣಗಾಗೋ ಇಂಜಿನ್ನಿಗೆ ಮಾಡಿದ್ದು. ಬ್ರಷ್ ಕಟರ್ ಗಾಳಿಯಿಂದ ತಣ್ಣಗಾಗೋದು, ಅದರ ಬಿಸಿಯೇ ಬೇರೆ, ಅದಕ್ಕೆ ಜಾಸೊ ಎಫ್‌ಡಿ ದರ್ಜೆಯ ಆಯಿಲ್ ಬೇಕು. ಅದಲುಬದಲು ಮಾಡಿದರೆ ಪಿಸ್ಟನ್ ರಿಂಗು ಅಂಟುತ್ತೆ. ಆದ್ದರಿಂದ ದೋಣಿ ನಿಲ್ಲಿಸೋ ಕೊನೇ ವಾರದಲ್ಲಿ ಒಂದು ಸಲಕ್ಕೆ 5 ಲೀಟರ್‌ಗಿಂತ ಹೆಚ್ಚು ಬೆರೆಸಲೇಬೇಡಿ. 50ಕ್ಕೆ 1 ಅಂದರೆ ಲೀಟರಿಗೆ 20 ಎಂಎಲ್, 5 ಲೀಟರಿಗೆ 100 ಎಂಎಲ್. 100ಕ್ಕೆ 1 ಇರೋ ಇಂಜಿನ್ನಾದರೆ ಅದರ ಅರ್ಧ.

ಹಳಸಿದ ಪೆಟ್ರೋಲನ್ನ ಚರಂಡಿಗೆ, ನಾಲೆಗೆ, ಹೊಳೆ ದಡದ ಮಣ್ಣಿಗೆ ಸುರಿಯಬೇಡಿ. ಅದೇ ನೀರು ಮುಂದೆ ಗದ್ದೆಗೆ ಹರಿಯೋದು, ಊರಿಗೆ ಕುಡಿಯೋಕೆ ಹೋಗೋದು. ಹಳೇ ಆಯಿಲ್ ಸಂಗ್ರಹಿಸೋ ಗ್ಯಾರೇಜಿಗೆ, ಬೇರೆ ಕ್ಯಾನಲ್ಲಿ, ಮೇಲೆ "ಹಳೇ ಪೆಟ್ರೋಲ್" ಅಂತ ಬರೆದು ಕೊಡಿ.

ಕಪಿಲಾತೀರ

ಇಲ್ಲಿ ಎಲ್ಲರೂ ಮಳೆಗಾಲದಲ್ಲಿ ನಿಲ್ಲಿಸೋ ದೋಣಿ ಬಗ್ಗೆ ಬರೀತಿದ್ದಾರೆ. ನಮ್ಮ ಕಡೆ ಉಲ್ಟಾ. ನೆರೆಗೆ ಅಂತ ಇಟ್ಟ ರಬ್ಬರ್ ದೋಣಿಯ ಇಂಜಿನ್ ನವೆಂಬರಿಂದ ಮೇವರೆಗೆ ಸುಮ್ಮನೆ ಇರುತ್ತೆ, ಜುಲೈನಲ್ಲಿ ಕಬಿನಿ ಗೇಟು ತೆಗೆದ ದಿನ ಎರಡು ಎಳೆತಕ್ಕೆ ಸ್ಟಾರ್ಟ್ ಆಗಲೇಬೇಕು. 2019ರ ಆಗಸ್ಟಲ್ಲಿ ನಂಜನಗೂಡಿನ ಹತ್ತಿರ ಊಟಿ ರಸ್ತೆ ಮೇಲೆ ಕಪಿಲೆ ಹರಿದದ್ದು ಎಲ್ಲರಿಗೂ ನೆನಪಿರುತ್ತೆ. ಅಂಥ ದಿನ ಕಾರ್ಬೊರೇಟರ್ ಬಿಚ್ಚುತ್ತಾ ಕೂರೋಕಾಗಲ್ಲ. ಇಂಥ ಇಂಜಿನ್ನಿಗೂ ಒಣಗಿಸಿ ಇಡೋದೇ ಸರಿಯಾ, ಇಲ್ಲ ಪೆಟ್ರೋಲ್ ತುಂಬಿಸಿ ರೆಡಿ ಇಡಬೇಕಾ?

ಸ್ಪ್ಯಾನರ್ ಹತ್ತು-ಹನ್ನೆರಡು

ಒಣಗಿಸಿಯೇ ಇಡಿ. ಬಟ್ಟಲು ಖಾಲಿ ಇರೋ ಇಂಜಿನ್ ರೆಡಿ ಇಲ್ಲ ಅಂತ ಅಲ್ಲ. ಪೈಪು ಸಿಕ್ಕಿಸಿ, ಬಲ್ಬು ಗಟ್ಟಿಯಾಗೋವರೆಗೆ ಹಿಸುಕಿ, ಚೋಕ್ ಎಳೆದರೆ ಮುಗೀತು, ಎರಡು ನಿಮಿಷದ ಕೆಲಸ. ಮೂರು ತಿಂಗಳ ಹಳೇ ಪೆಟ್ರೋಲ್ ಕೂತ ಬಟ್ಟಲು ನೋಡೋಕೆ ರೆಡಿ ಇರೋ ಹಾಗೆ ಕಾಣುತ್ತೆ, ಬೇಕಾದಾಗ ಕೈಕೊಡುತ್ತೆ.

ಪೆಟ್ರೋಲನ್ನ ಬೇರೆ ಕ್ಯಾನಲ್ಲಿ ಇಡಿ, ತಂದ ತಾರೀಕು ಮಾರ್ಕರಲ್ಲಿ ಕ್ಯಾನಿನ ಮೇಲೇ ಬರೆಯಿರಿ. ತಿಂಗಳಿಗೊಮ್ಮೆ ಆ ಕ್ಯಾನಿನದ್ದನ್ನ ಯಾವುದಾದರೂ ಗಾಡಿಗೆ ಸುರಿದು ಹೊಸದು ತುಂಬಿಸಿ. ಎರಡು ಸ್ಟ್ರೋಕಾದರೆ ಆಯಿಲ್ಲನ್ನ ಮೊದಲೇ ಬೆರೆಸಬೇಡಿ. ಕ್ಯಾನಿನ ಅಳತೆಗೆ ಸರಿಯಾದ ಆಯಿಲ್ಲನ್ನ ಸಣ್ಣ ಬಾಟಲಿಯಲ್ಲಿ ಅಳೆದು ಕ್ಯಾನಿನ ಹಿಡಿಗೆ ಕಟ್ಟಿ ಬಿಡಿ. ಬೇಕಾದಾಗ ಸುರಿದು ಅಲ್ಲಾಡಿಸಿದರೆ ಆಯ್ತು, ಲೆಕ್ಕ ತಪ್ಪೋ ಗಡಿಬಿಡಿ ಇರಲ್ಲ.

ಮೇಲೆ ಕೇಳಿದ ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡೋ ಪ್ರಶ್ನೆಗೂ ಇಲ್ಲೇ ಉತ್ತರ ಸೇರಿಸ್ತೀನಿ. ಎರಡು ನಿಮಿಷ ಓಡಿಸಿ ಆಫ್ ಮಾಡೋದು ಎಲ್ಲಕ್ಕಿಂತ ಕೆಟ್ಟದ್ದು. ಇಂಜಿನ್ ಪೂರ್ತಿ ಬಿಸಿಯಾಗಲ್ಲ, ಉರಿದ ಹೊಗೆಯ ನೀರಾವಿ ಒಳಗೇ ತಣ್ಣಗಾಗಿ ಆಯಿಲಿಗೆ ಸೇರುತ್ತೆ, ಹಾಕಿದ್ದ ಫಾಗಿಂಗ್ ತೊಳೆದುಹೋಗುತ್ತೆ, ಒಣಗಿಸಿದ್ದ ಬಟ್ಟಲಿಗೆ ಮತ್ತೆ ಪೆಟ್ರೋಲ್ ತುಂಬುತ್ತೆ. ಓಡಿಸೋದಾದ್ರೆ ನೀರಲ್ಲಿ ಕಾಲು ಗಂಟೆಗೆ ಕಮ್ಮಿ ಇಲ್ಲದ ಹಾಗೆ ಓಡಿಸಿ, ಮತ್ತೆ ಇಡೀ ಕ್ರಮ ಮಾಡಿ ಒಣಗಿಸಿ. ನೆರೆ ದೋಣಿಗೆ ಮೇ ಕೊನೆಯಲ್ಲಿ ಹೀಗೊಂದು ಪೂರ್ತಿ ಪರೀಕ್ಷೆ ಮಾಡಲೇಬೇಕು. ಅದು ಕಡ್ಡಾಯ ಅಂತಲೇ ಇಟ್ಕೊಳ್ಳಿ.

ಪಡುವಣ ಕಡಲು

ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ ಇರೋದರಿಂದ ಈ ಕೆಲಸ ಪ್ರತಿ ವರ್ಷದ್ದು. ನಿಮಗಿರೋ ಅನುಕೂಲ ಅಂದ್ರೆ ಉಪ್ಪು ನೀರಿಲ್ಲ. ಆದ್ರೆ ಹಿನ್ನೀರಿನ ಗೋಡು ಮಣ್ಣು ಕೂಲಿಂಗ್ ದಾರಿಯಲ್ಲಿ ಕೂರುತ್ತೆ, ಡ್ರಮ್ಮಿನ ನೀರು ತಿಳಿ ಇರಲಿ.

ಪೈಪು, ಬಲ್ಬಿನ ಬಗ್ಗೆ ಯಾರೂ ಬರೆದಿಲ್ಲ. ಹಳೇ ರಬ್ಬರ್ ಪೈಪಿನ ಒಳಪದರ ಎಥನಾಲಿಗೆ ಉಬ್ಬಿ, ಒಣಗಿದಾಗ ಸಿಪ್ಪೆ ಸುಲಿದ ಹಾಗೆ ಏಳುತ್ತೆ. ಹೊರಗಿಂದ ಏನೂ ಕಾಣಲ್ಲ. ನಿಧಾನಕ್ಕೆ ಸರಿ ಓಡುತ್ತೆ, ಫುಲ್ ಥ್ರಾಟಲ್ ಕೊಟ್ಟಾಗ ಆ ಸಿಪ್ಪೆ ಒಳಗೇ ಅಡ್ಡ ಬಿದ್ದು ಉಸಿರು ಕಟ್ಟುತ್ತೆ. ಪೈಪು ಬಗ್ಗಿಸಿ ನೋಡಿ, ಸೀಳು ಕಂಡರೆ, ಗಟ್ಟಿಯಾಗಿದ್ದರೆ, ಒರೆಸಿದ ಬಟ್ಟೆಗೆ ಪೆಟ್ರೋಲ್ ವಾಸನೆ ಹತ್ತಿದರೆ ಬದಲಿಸಿ. ತೋಟಕ್ಕೆ ನೀರು ಬಿಡೋ ಪಾರದರ್ಶಕ ಪೈಪು, ಗ್ಯಾಸಿನ ಪೈಪು ಯಾವುದೂ ಬೇಡ. ಪೈಪಿನ ಮೇಲೆ ಐಎಸ್‌ಒ 7840 ಅಥವಾ ಎಸ್‌ಎಇ ಜೆ1527 ಅಂತ ಅಚ್ಚಾಗಿರಬೇಕು. ಬಲ್ಬಿನ ಮೇಲಿನ ಬಾಣದ ಗುರುತು ಇಂಜಿನ್ ಕಡೆಗಿರಲಿ.

ನೀರು ಬೇರ್ಪಡಿಸೋ ಫಿಲ್ಟರ್ ಇದ್ದರೆ, 10 ಮೈಕ್ರಾನಿನದು, ನಿಲ್ಲಿಸೋ ದಿನವೇ ಬದಲಿಸಿ. ನೀರು ಹಿಡಿದಿಟ್ಟ ಹಳೇ ಫಿಲ್ಟರ್ ನಾಲ್ಕು ತಿಂಗಳು ಕೂತರೆ ಡಬ್ಬಿಯೇ ಒಳಗಿಂದ ತುಕ್ಕು ಹಿಡಿಯುತ್ತೆ. ಹೊಸದರ ರಬ್ಬರ್ ರಿಂಗಿಗೆ ಆಯಿಲ್ ಸವರಿ ಕೈಯಲ್ಲೇ ಬಿಗಿ ಮಾಡಿ. ಬಿಚ್ಚಿದ ಫಿಲ್ಟರಿನ ಪೆಟ್ರೋಲನ್ನ ಗಾಜಿನ ಸೀಸೆಗೆ ಸುರಿದು ಒಂದು ರಾತ್ರಿ ಬಿಡಿ. ಟ್ಯಾಂಕಿನ ಸ್ಥಿತಿ ಏನು ಅನ್ನೋದು ಬೆಳಗ್ಗೆ ಸೀಸೆಯ ತಳದಲ್ಲಿ ಕಾಣುತ್ತೆ.

ಕಪಿಲಾತೀರ

ರೆಸಾರ್ಟಿನವರ ಒಂದು ದೋಣಿಗೆ ಕಾರ್ಬೊರೇಟರ್ ಇಲ್ಲದ 60 ಎಚ್‌ಪಿ ಇಂಜೆಕ್ಷನ್ ಇಂಜಿನ್, ದೋಣಿಯೊಳಗೇ ಕೂರಿಸಿದ 100 ಲೀಟರ್ ಟ್ಯಾಂಕು. ಅಲ್ಲೂ ಪೈಪು ಬಿಚ್ಚಿ ಓಡಿಸಿ ಒಣಗಿಸಬಹುದಾ?

ಸ್ಪ್ಯಾನರ್ ಹತ್ತು-ಹನ್ನೆರಡು

ಖಂಡಿತ ಬೇಡ. ಇಂಜೆಕ್ಷನ್ ಇಂಜಿನ್ನಿನ ಹೈ ಪ್ರೆಶರ್ ಪಂಪು ಪೆಟ್ರೋಲಿಂದಲೇ ತಣ್ಣಗಾಗೋದು, ಪೆಟ್ರೋಲಿಂದಲೇ ನುಣುಪಾಗಿ ತಿರುಗೋದು. ಒಣಗಿಸಿ ಓಡಿಸಿದರೆ ಪಂಪು ಹೋಯ್ತು. ಅದರ ಬೆಲೆ ಕಾರ್ಬೊರೇಟರಿನ ಹತ್ತರಷ್ಟಾದರೂ ಆಶ್ಚರ್ಯವಿಲ್ಲ.

ಅಲ್ಲಿ ಕ್ರಮ ಬೇರೆ. ಒಳಗಿನ ಟ್ಯಾಂಕನ್ನ ಪೂರ್ತಿ ಖಾಲಿ ಮಾಡೋದು ಕಷ್ಟ, ತಳದಲ್ಲಿ ಒಂದೆರಡು ಲೀಟರ್ ಉಳಿದೇ ಉಳಿಯುತ್ತೆ. ಆದ್ದರಿಂದ ಹೊಸ ಪೆಟ್ರೋಲ್ ಹಾಕಿ 95 ಪರ್ಸೆಂಟ್‌ವರೆಗೆ ತುಂಬಿಸಿ, ಇಡೀ ಟ್ಯಾಂಕಿನ ಲೆಕ್ಕಕ್ಕೆ ಸ್ಟೆಬಿಲೈಜರ್ ಹಾಕಿ. ಕಂಠಮಟ್ಟ ಬೇಡ, ಬಿಸಿಲಿಗೆ ಪೆಟ್ರೋಲ್ ಉಬ್ಬಿ ವೆಂಟಿಂದ ಉಕ್ಕುತ್ತೆ. 15 ನಿಮಿಷ ಓಡಿಸಿ ಇಂಜೆಕ್ಟರ್‌ವರೆಗೆ ತಲುಪಿಸಿ, ಸ್ವಿಚ್ ಆಫ್ ಮಾಡಿ, ಹಾಗೇ ಬಿಡಿ. ಪೆಟ್ರೋಲಿಂದ ಆವಿ ಬೇರ್ಪಡಿಸೋ, ಇಂಜಿನ್ ಮೇಲಿನ ಸಣ್ಣ ವೇಪರ್ ಸೆಪರೇಟರ್ ಟ್ಯಾಂಕಿಗೆ ಕೆಳಗೆ ಡ್ರೈನ್ ಸ್ಕ್ರೂ ಇರುತ್ತೆ, ಹೆಚ್ಚು ದಿನ ನಿಲ್ಲೋದಾದರೆ ಅದನ್ನ ಕೈಪಿಡಿ ನೋಡಿ ಇಳಿಸಬಹುದು.

ಒಳಗಿನ ಟ್ಯಾಂಕಿನ ವೆಂಟ್ ಮುಚ್ಚೋಕೆ ಹೋಗಬೇಡಿ. ಆದರೆ ನಮ್ಮಲ್ಲಿ ಕುಂಬಾರ ಹುಳ ಅದರೊಳಗೆ ಮಣ್ಣು ಕಟ್ಟುತ್ತೆ. ಆಮೇಲೆ ಟ್ಯಾಂಕಿಗೆ ಗಾಳಿ ಹೋಗದೆ ಇಂಜಿನ್ ಓಡ್ತಾ ಓಡ್ತಾ ನಿಲ್ಲುತ್ತೆ, ಎಲ್ಲರೂ ಪಂಪನ್ನ ದೂರುತ್ತಾರೆ. ವೆಂಟಿನ ಬಾಯಿಗೆ ಸಣ್ಣ ಕಣ್ಣಿನ ಹಿತ್ತಾಳೆ ಜಾಲರಿ ಕಟ್ಟಿ.

ಪಾಂಡವಪುರ ಪಂಪ್‌ಸೆಟ್

ಶೆಡ್ಡಲ್ಲಿ ಇಡೋದಾದ್ರೆ ಇಲಿ ವಿಷಯ ಮರೀಬೇಡಿ. ಕಬ್ಬಿನ ಗದ್ದೆ ಪಕ್ಕದ ಶೆಡ್ಡಾದರೆ ಪೆಟ್ರೋಲ್ ಪೈಪು, ಪ್ಲಗ್ ವೈರು ಎರಡೂ ಕಡಿದು ಹಾಕುತ್ತೆ. ಪೈಪನ್ನ ಇಂಜಿನ್ನಿಂದ ಬಿಚ್ಚಿ, ಸುತ್ತಿ, ಮುಚ್ಚಳ ಇರೋ ತಗಡಿನ ಡಬ್ಬಿಗೆ ಹಾಕಿಡಿ. ಇಂಜಿನ್ ಕವರಿನ ಕೆಳಗಿನ ಸಂದಿಗೆ ಜಾಲರಿ ಹಾಕಿ.

ಪೆಟ್ರೋಲ್ ಕ್ಯಾನನ್ನ ಮೋಟರ್ ಮನೆಯಲ್ಲಿ ಇಡಬೇಡಿ. ಸ್ಟಾರ್ಟರ್ ಬಾಕ್ಸು ಆನ್ ಆಫ್ ಆದಾಗಲೆಲ್ಲ ಒಳಗೆ ಕಿಡಿ ಬರುತ್ತೆ, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿರುತ್ತೆ. ಅಡುಗೆಮನೆ ಪಕ್ಕ, ದೇವರ ದೀಪ ಹಚ್ಚೋ ಕಡೆಯೂ ಬೇಡ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲ್ ಲೈಸೆನ್ಸ್ ಇಲ್ಲದೆ ಒಬ್ಬರ ಹತ್ತಿರ 30 ಲೀಟರ್‌ವರೆಗೆ ಮಾತ್ರ ಇರಬಹುದು. ಕ್ಯಾನು ತುಂಬಿಸುವಾಗ ಗಾಡಿ ಮೇಲಿಟ್ಟು ತುಂಬಿಸದೆ ನೆಲಕ್ಕೆ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸ್ಥಾಯೀ ವಿದ್ಯುತ್ತಿನ ಕಿಡಿ ಹುಟ್ಟುತ್ತೆ.

ಡೀಸೆಲ್ ಇಂಜಿನ್ ಇರೋ ದೋಣಿಯವರಿಗೂ, ಡೀಸೆಲ್ ಪಂಪ್‌ಸೆಟ್ಟಿನವರಿಗೂ ಎರಡು ಮಾತು. ಡೀಸೆಲ್‌ನಲ್ಲಿ ಎಥನಾಲ್ ಕಾಟ ಇಲ್ಲ. ಆದರೆ ತಳದಲ್ಲಿ ನೀರು ನಿಂತರೆ, ಡೀಸೆಲ್ಲೂ ನೀರೂ ಸೇರೋ ಗೆರೆಯಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆ ಆಗುತ್ತೆ, ಫಿಲ್ಟರ್ ಕಟ್ಟುತ್ತೆ. ಟ್ಯಾಂಕು ತುಂಬಿಸಿ ಇಡಿ, ನಿಲ್ಲಿಸೋ ಮುಂಚೆ ತಳದ ಡ್ರೈನಿಂದ ನೀರು ಇಳಿಸಿ, ಫಿಲ್ಟರ್ ಬದಲಿಸಿ. ಬಕೆಟ್ಟಿಗೆ ಇಳಿಸಿದ್ದು ಒಂದೇ ಬಣ್ಣ ಬರೋವರೆಗೂ ಇಳಿಸ್ತಾ ಹೋಗಬೇಕು. ಫಿಲ್ಟರ್ ಬಿಚ್ಚಿದ ಮೇಲೆ ಏರ್ ತೆಗೆಯೋ ಕ್ರಮ: ಮೊದಲು ಫಿಲ್ಟರಿನ ಮೇಲಿನ ಸ್ಕ್ರೂ, ಆಮೇಲೆ ಇಂಜೆಕ್ಷನ್ ಪಂಪಿನದು, ಕೊನೆಗೆ ಬೇಕಾದರೆ ಇಂಜೆಕ್ಟರಿನ ನಟ್ಟು. ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ ಒಂದೊಂದೇ ಬಿಗಿ ಮಾಡಿ. ಇಂಜೆಕ್ಟರಿಂದ ಚಿಮ್ಮೋ ಡೀಸೆಲ್‌ಗೆ ಬೆರಳು ಅಡ್ಡ ಹಿಡೀಬೇಡಿ, ಚರ್ಮ ತೂರಿ ಒಳಗೆ ಹೋಗುತ್ತೆ.

ಹಿನ್ನೀರಿನ ದೋಣಿ

ಇಷ್ಟು ವಿವರ ಬೇರೆಲ್ಲೂ ಸಿಕ್ಕಿರಲಿಲ್ಲ. ಇನ್ನು ಎರಡೇ ಪ್ರಶ್ನೆ. ಖಾಲಿ ಮಾಡಿದ ಪ್ಲಾಸ್ಟಿಕ್ ಟ್ಯಾಂಕನ್ನ ನೀರಲ್ಲಿ ತೊಳೆಯಬಹುದಾ? ಇಂಜಿನ್ ಮಲಗಿಸಿ ಇಡಬಹುದಾ?

ಪಡುವಣ ಕಡಲು

ನೀರು ಬೇಡ, ಸೀಮೆಎಣ್ಣೆಯೂ ಬೇಡ. ಕಾಲು ಲೀಟರ್ ಹೊಸ ಪೆಟ್ರೋಲ್ ಹಾಕಿ ಎಲ್ಲ ಮೂಲೆಗೂ ಆಡಿಸಿ ತೆಗೆಯಿರಿ. ಹೀರುಕೊಳವೆಯ ತುದಿಯ ಜಾಲರಿ ಬಿಚ್ಚಿ ಮೆತ್ತನೆ ಬ್ರಷ್ಷಲ್ಲಿ ಉಜ್ಜಿ. ಮುಚ್ಚಳ ತೆಗೆದು ಒಂದು ದಿನ ಬಯಲಲ್ಲಿ, ನೆರಳಲ್ಲಿ ಆರಿಸಿ. ಪೂರ್ತಿ ಆರಿದ ಮೇಲೆ ಮುಚ್ಚಳ, ವೆಂಟ್ ಎರಡೂ ಮುಚ್ಚಿ. ಖಾಲಿ ಟ್ಯಾಂಕಿನೊಳಗಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ನೋಡೋಕೆ ಅಂತ ಬೆಂಕಿಕಡ್ಡಿ, ಲೈಟರ್ ಹಚ್ಚಬೇಡಿ.

ಇಂಜಿನ್ ನಿಲ್ಲಿಸಿಯೇ ಇಡಿ, ಒಂದು ಹಲಗೆಯ ಸ್ಟ್ಯಾಂಡ್ ಸಾಕು. ಒಳಗಿನ ನೀರೆಲ್ಲ ಕೆಳಗೆ ಇಳಿದುಹೋಗುತ್ತೆ. ನಾಲ್ಕು ಸ್ಟ್ರೋಕಿನದನ್ನ ಮಲಗಿಸಲೇಬೇಕಾದರೆ ಕವರಿನ ಮೇಲೆ ಅಥವಾ ಕೈಪಿಡಿಯಲ್ಲಿ ಯಾವ ಮಗ್ಗುಲು ಅಂತ ಗುರುತಿರುತ್ತೆ. ತಪ್ಪು ಮಗ್ಗುಲಾದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತೆ.

ಸ್ಪ್ಯಾನರ್ ಹತ್ತು-ಹನ್ನೆರಡು

ದಸರಾ ಮುಂಚೆ ಹೊರಗೆ ತೆಗೆದಾಗ ಮಾಡಬೇಕಾದ್ದನ್ನೂ ಈಗಲೇ ಬರೆದಿಟ್ಟುಬಿಡ್ತೀನಿ, ಆಮೇಲೆ ಹುಡುಕೋದು ಬೇಡ.

ಆಯುಧಪೂಜೆಗೆ ಹೇಗೂ ಎಲ್ಲ ಒರೆಸಿ ತೊಳೀತೀವಿ, ಅದರ ಹಿಂದಿನ ವಾರವೇ ಈ ಕೆಲಸ ಇಟ್ಕೊಳ್ಳಿ. ಬಟ್ಟಲಿನ ಡ್ರೈನ್ ಸ್ಕ್ರೂ ಬಿಗಿ ಇದೆಯಾ ನೋಡಿ, ಮುಚ್ಚೋದು ಮರೆತರೆ ಪೆಟ್ರೋಲ್ ಬಿಸಿ ಇಂಜಿನ್ ಮೇಲೆ ಸುರಿಯುತ್ತೆ. ಹೊಸ ಪೆಟ್ರೋಲ್ 5 ಲೀಟರ್ ಹಾಕಿ, ವೆಂಟ್ ತೆರೆದು, ಬಲ್ಬನ್ನ ಇಂಜಿನ್ ಕಡೆಯ ತುದಿ ಮೇಲೆ ಬರೋ ಹಾಗೆ ಹಿಡಿದು ಹಿಸುಕಿ. ಗಟ್ಟಿಯಾದ ಮೇಲೆ ಐದು ನಿಮಿಷ ಸುಮ್ಮನೆ ಬಿಟ್ಟು ಎಲ್ಲ ಜಾಯಿಂಟ್ ಕೆಳಗೂ ಬಿಳಿ ಬಟ್ಟೆ ಹಿಡಿದು ನೋಡಿ. ಒದ್ದೆಯಾಗಿದ್ದರೆ ಸ್ಟಾರ್ಟ್ ಮಾಡಬೇಡಿ.

ಬಲ್ಬು ಎಷ್ಟು ಹಿಸುಕಿದರೂ ಗಟ್ಟಿಯಾಗದಿದ್ದರೆ ಟ್ಯಾಂಕು ಮತ್ತು ಬಲ್ಬಿನ ನಡುವೆ ಎಲ್ಲೋ ಗಾಳಿ ಎಳೀತಿದೆ, ಇಲ್ಲ ಬಲ್ಬಿನೊಳಗಿನ ವಾಲ್ವ್ ಹೋಗಿದೆ. ಗಟ್ಟಿಯಾಗಿ, ನಿಲ್ಲದೆ ಮತ್ತೆ ಮೆತ್ತಗಾಗ್ತಾ ಕಾರ್ಬೊರೇಟರಿಂದ ಪೆಟ್ರೋಲ್ ಉಕ್ಕಿದರೆ ಫ್ಲೋಟಿನ ಸೂಜಿ ಅಂಟಿದೆ. ಓಡುವಾಗ ಬಲ್ಬು ಚಪ್ಪಟೆಯಾದರೆ ವೆಂಟ್ ಮುಚ್ಚಿದೆ, ಇಲ್ಲ ಟ್ಯಾಂಕಿನೊಳಗಿನ ಜಾಲರಿ ಕಟ್ಟಿದೆ.

ಸ್ಟಾರ್ಟ್ ಆದ ಮೇಲೆ ಹಿಂದಿನ ಸಣ್ಣ ತೂತಿಂದ ನೀರಿನ ಧಾರೆ ಬರ್ತಿದೆಯಾ ಅಂತ ಮೊದಲು ನೋಡಿ. ಫಾಗಿಂಗ್ ಆಯಿಲ್ ಸುಡೋವರೆಗೆ ಒಂದೆರಡು ನಿಮಿಷ ಬಿಳಿ ಹೊಗೆ ಬರೋದು ಸಹಜ. ಆಮೇಲೂ ಚೋಕ್ ಬಿಟ್ಟರೆ ನಿಲ್ಲುತ್ತೆ ಅಂದ್ರೆ ಪೈಲಟ್ ಜೆಟ್ ಬಿಚ್ಚಬೇಕು. ಜೆಟ್ಟಿನ ತೂತಿಗೆ ಸೂಜಿ, ಸ್ಟೀಲ್ ತಂತಿ ಚುಚ್ಚಬೇಡಿ, ಹಿತ್ತಾಳೆ ಕೊರೆದು ತೂತು ದೊಡ್ಡದಾದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತೆ, ಮತ್ತೆ ಟ್ಯೂನಿಂಗಿಗೆ ಸಿಗಲ್ಲ. ಕಾರ್ಬೊರೇಟರ್ ಕ್ಲೀನರಲ್ಲಿ ನೆನೆಸಿ ಗಾಳಿ ಊದಿ, ಕಣ್ಣಿಗೆ ಕನ್ನಡಕ ಹಾಕಿ. ಬಟ್ಟಲಿನ ರಬ್ಬರ್ ರಿಂಗು ಒಮ್ಮೆ ಹೊರಗೆ ತೆಗೆದರೆ ಉಬ್ಬಿ ಮತ್ತೆ ಅದರ ಕಚ್ಚಿನಲ್ಲಿ ಕೂರಲ್ಲ, ಆದ್ದರಿಂದ ಬಿಚ್ಚೋ ಮುಂಚೆಯೇ ಆ ರಿಂಗು, ಫ್ಲೋಟ್ ಸೂಜಿ, ಎರಡು ಪ್ಲಗ್, ಒಂದು ಫಿಲ್ಟರ್ ತರಿಸಿಟ್ಟುಕೊಳ್ಳಿ. ಔಟ್‌ಬೋರ್ಡ್ ಸಾಮಾನು ಮೈಸೂರಿನ ಬೈಕ್ ಅಂಗಡಿಗಳಲ್ಲಿ ಹೋದ ತಕ್ಷಣ ಸಿಗೋದಲ್ಲ, ಇಂಜಿನ್ನಿನ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಎರಡೂ ಫೋಟೊ ತೆಗೆದು ಆಗಸ್ಟಲ್ಲೇ ಆರ್ಡರ್ ಕೊಡಿ.